ಸಸಿಗಳು ಕುಡಿಯುವ ಮೊದಲು

ನನ್ನ ಬೆರಳುಗಳು ಯಾವ ದಿನ ಮರಗಟ್ಟಿದವು ಎಂದು ಕೇಳಿದರೆ ಹೇಳಲು ಆಗುವುದಿಲ್ಲ. ಅದು ಒಂದು ದಿನದಲ್ಲಿ ಆದದ್ದಲ್ಲ. ಮೊದಲು ಎಡಗೈಯ ಕಿರುಬೆರಳಿಗೆ ಜೋಮು ಹಿಡಿದ ಹಾಗಾಯಿತು, ಬಿಡಲೇ ಇಲ್ಲ. ಆಮೇಲೆ ಪಕ್ಕದ್ದು, ಆಮೇಲೆ ಬಲಗೈಯದು. ಒಂದು ದಿನ ಸಾರಿನ ಪಾತ್ರೆ ಇಳಿಸುವಾಗ ತೋರುಬೆರಳು ಸುಟ್ಟು ಬೊಬ್ಬೆ ಎದ್ದಿತ್ತು. ಅದು ನನಗೆ ಗೊತ್ತಾದದ್ದು ಸಂಜೆ, ಅದೂ ಕಣ್ಣಿಗೆ ಕಂಡಾಗ. ಸಕ್ಕರೆ ಕಾಯಿಲೆಯವರಿಗೆ ಹೀಗಾಗುತ್ತದೆ ಎಂದು ಪಕ್ಕದೂರಿನ ಆಸ್ಪತ್ರೆಯ ನರ್ಸ್ ಲಿಲ್ಲಿ ಸಿಸ್ಟರ್ ಹೇಳಿದರು. ಬೇರೆ ಯಾರಿಗಾದರೂ ಆಗಿದ್ದರೆ ಅದು ಅವರ ಮನೆಯ ಕಷ್ಟವಾಗಿ ಮುಗಿಯುತ್ತಿತ್ತು. ಆದರೆ ನಮ್ಮೂರಲ್ಲಿ ಬೆಳಿಗ್ಗೆ ಸಸಿಗಳು ಕುಡಿಯಲು ಶುರುಮಾಡುವ ತನಕ ಮನುಷ್ಯರು ನೀರು ಮುಟ್ಟುವುದಿಲ್ಲ, ಮುಟ್ಟಿದರೆ ಕೇಡು ಎಂಬುದು ಹಿರಿಯರ ಮಾತು. ಸಸಿಗಳು ಕುಡಿಯಲು ಶುರುಮಾಡಿದವೋ ಇಲ್ಲವೋ ಎಂದು ತಿಳಿದು ಗಂಟೆ ಹೊಡೆಯುತ್ತಿದ್ದವಳು ನಾನು. ಅದನ್ನು ತಿಳಿಯುವುದು ಬೆರಳಿನಿಂದ.

ಕೆರೆ ಏರಿಯ ಕೆಳಗೆ ನಮ್ಮ ಸಸಿತೋಟ. ಹೊಂಗೆ, ಹಿಪ್ಪೆ, ನೇರಳೆ, ಬೇವು, ಹುಣಸೆ ಎಲ್ಲ ಸೇರಿ ಮುನ್ನೂರು ಚಿಲ್ಲರೆ ಸಸಿ, ಒಂದೂ ಮೊಣಕಾಲಿಗಿಂತ ಎತ್ತರ ಇಲ್ಲ. ಎರಡು ವರ್ಷ ಆದವನ್ನು ಎತ್ತಿ ಗುಡ್ಡದ ಕಡೆ ನೆಡುತ್ತೇವೆ, ಆ ಜಾಗಕ್ಕೆ ಹೊಸ ಬೀಜ ಊರುತ್ತೇವೆ. ಕತ್ತಲಾಗುವ ಹೊತ್ತಿಗೆ ಬೀದಿಯ ನಲ್ಲಿಗಳೆಲ್ಲ ಬಂದ್. ಮನೆಗಳಲ್ಲಿ ಕೊಡದ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ಬೆಳಿಗ್ಗೆ ಎದ್ದವರು ಇದ್ದಿಲ ಪುಡಿಯಲ್ಲಿ ಒಣ ಹಲ್ಲುಜ್ಜಿ, ಉಗುಳಿ, ಕಟ್ಟೆಯ ಮೇಲೆ ಕೂತು ಗಂಟೆಗೆ ಕಾಯುತ್ತಾರೆ. ಮಾತ್ರೆ ನುಂಗಬೇಕಾದ ಮುದುಕರು ಮಾತ್ರೆಯನ್ನು ಅಂಗೈಯಲ್ಲಿ ಹಿಡಿದಿರುತ್ತಾರೆ. ಬಸ್ ನಿಲ್ದಾಣದ ಹತ್ತಿರ ಈರಮ್ಮನ ಹೋಟೆಲಿದೆ. ಆಕೆ ಒಲೆ ಹಚ್ಚಿ, ಟೀ ಪುಡಿ ಡಬ್ಬಿಯ ಮುಚ್ಚಳ ತೆಗೆದು, ಖಾಲಿ ಪಾತ್ರೆ ಪಕ್ಕಕ್ಕಿಟ್ಟುಕೊಂಡು ನಿಂತಿರುತ್ತಾಳೆ. ಮೊಲೆ ಕುಡಿಯುವ ಕೂಸುಗಳಿಗೆ ಈ ನಿಯಮ ಇಲ್ಲ. ಬೇರೆ ಊರಿಂದ ವರ್ಗವಾಗಿ ಬಂದ ಅಂಚೆಯವರು ಮೊದಲ ತಿಂಗಳು ಬಾಗಿಲು ಹಾಕಿಕೊಂಡು ಕುಡಿಯುತ್ತಿದ್ದರಂತೆ. ಮೂರನೇ ತಿಂಗಳಿಗೆ ಅವರೂ ಕಟ್ಟೆಗೆ ಬಂದು ಕೂತರು. ಯಾಕೆ ಎಂದು ಯಾರೂ ಅವರನ್ನು ಕೇಳಲಿಲ್ಲ.

ಈ ಕೆಲಸ ನನಗೆ ಬಂದದ್ದು ಅತ್ತೆಯಿಂದ. ಮದುವೆಯಾಗಿ ಬಂದ ಮೊದಲ ವರ್ಷ ಅವರು ನನ್ನ ಕೈ ಹಿಡಿದು ಸಸಿಯ ಬುಡಕ್ಕೆ, ಕಾಂಡ ಮಣ್ಣಿಗೆ ಸೇರುವ ಜಾಗಕ್ಕೆ, ಎರಡು ಬೆರಳು ಒತ್ತಿಸಿ ಕೂರಿಸಿದ್ದರು. "ಬೇರು ಅಂದ್ರೆ ಬರೀ ದಾರ ಅಲ್ಲ ಓಬಮ್ಮ. ಅದರ ಮೈಯೆಲ್ಲ ಬಾಗ್ಲು. ಕಣ್ಣಿಗೆ ಕಾಣಾಕಿಲ್ಲ. ಮ್ಯಾಲೆ ಎಲೆ ಬೆವರಾಕೆ ಶುರುಮಾಡಿದ್ರೆ ಕೆಳಗೆ ಬೇರಿಗೆ ಗೊತ್ತಾಯ್ತದೆ, ಬಾಗ್ಲು ತೆಗೀತದೆ. ಚಳಿ ಆದ್ರೆ ಮುಚ್ತದೆ, ಮಣ್ಣಲ್ಲಿ ಉಪ್ಪು ಜಾಸ್ತಿ ಆದ್ರೆ ಮುಚ್ತದೆ, ಉಸಿರು ಕಟ್ಟಿದ್ರೂ ಮುಚ್ತದೆ. ಮುಚ್ಚಿದ್ದನ್ನ ನಾವು ತೆಗ್ಯಾಕಾಗಲ್ಲ" ಎಂದಿದ್ದರು. ದೊಡ್ಡ ಮರವನ್ನು ಯಾಕೆ ನೋಡುವುದಿಲ್ಲ ಎಂದು ಕೇಳಿದ್ದೆ. ದೊಡ್ಡ ಮರಕ್ಕೆ ನೂರು ಕಡೆ ಬೇರು, ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆಯಿಂದ ಎಳೆದುಕೊಳ್ಳುತ್ತದೆ, ಸಸಿಗೆ ಇರುವುದು ಒಂದು ಹಿಡಿ ಬೇರು, ಅದಕ್ಕೆ ಸುಳ್ಳು ಹೇಳಲು ಆಗುವುದಿಲ್ಲ ಎಂದರು. ನನಗೆ ಆ ಸೆಳೆತ ಬೆರಳಿಗೆ ಹತ್ತಲು ಎರಡು ತಿಂಗಳು ಹಿಡಿಯಿತು. ಒಮ್ಮೆ ಹತ್ತಿದ ಮೇಲೆ ಇಪ್ಪತ್ತಾರು ವರ್ಷ ತಪ್ಪಲಿಲ್ಲ.

ಆಮೇಲೆ ಒಂದು ಚಳಿಗಾಲದಲ್ಲಿ ಆ ಸೆಳೆತ ಹೋಯಿತು. ಮೊದಲ ದಿನ ಬುಡದಿಂದ ಬುಡಕ್ಕೆ ಹೋಗಿ ಕೂತೆ. ಬೆರಳ ಕೆಳಗೆ ಕಾಂಡ ಇದೆ ಎಂಬುದೇ ಕಣ್ಣಿಂದ ನೋಡಿ ತಿಳಿಯಬೇಕಾಯಿತು. ಹೊತ್ತು ಏರುತ್ತಿತ್ತು. ಏರಿಯ ಮೇಲೆ ಊರಿನ ನಲ್ಲಿಗೆ ನೀರು ಬಿಡುವ ನೀರುಗಂಟಿ ಗಾದಿಲಿಂಗಣ್ಣ ತೂಬಿನ ಹಿಡಿ ಹಿಡಿದು ನನ್ನ ಕಡೆಗೇ ನೋಡುತ್ತಿದ್ದರು. ಹೊಂಗೆಯ ಎಲೆಯಂಚಿನಲ್ಲಿ ಸಣ್ಣ ಸಣ್ಣ ಹನಿ ನಿಂತಿದ್ದವು. ರಾತ್ರಿ ಬೇರು ಚೆನ್ನಾಗಿದ್ದರೆ ಬೆಳಿಗ್ಗೆ ಎಲೆಯಂಚಿಗೆ ಹಾಗೆ ಹನಿ ಬರುತ್ತದೆ. ಅದನ್ನೇ ನೆಚ್ಚಿಕೊಂಡು ಸಸಿತೋಟದ ಗಂಟೆಯ ಹಗ್ಗ ಎಳೆದೆ. ಊರು ನೀರು ಕುಡಿಯಿತು. ಏನೂ ಆಗಲಿಲ್ಲ. ಮಾರನೆಯ ದಿನವೂ ಹಾಗೆಯೇ ಮಾಡಿದೆ. ಚಳಿ ಕಳೆದು ಬಿಸಿಲು ಬಂತು, ಎಲೆಯಂಚಿನ ಹನಿಗಳು ನಿಂತವು. ಆಮೇಲೆ ಬಿಸಿಲು ಕೆರೆಕೋಡಿಯ ಕಲ್ಲನ್ನು ಮುಟ್ಟುವುದನ್ನು ನೋಡಿ ಹೊಡೆಯತೊಡಗಿದೆ. ದಿನಾ ಗಂಟೆ ಹೊಡೆದ ಮೇಲೆ ಕಟ್ಟೆಯ ಮೇಲಿನ ಒಂದೊಂದು ಮುಖವನ್ನೂ ನೋಡುತ್ತಿದ್ದೆ. ಯಾರಿಗೆ ಕೆಮ್ಮು ಬಂದರೂ, ಯಾರ ಮನೆಯ ಕೂಸು ಅತ್ತರೂ, ನಾನು ಮಾಡಿದ್ದೇ ಎಂದುಕೊಳ್ಳುತ್ತಿದ್ದೆ. ಹೇಳಿಬಿಡಬೇಕು ಎಂದು ಎಷ್ಟು ಸಲ ಅಂದುಕೊಂಡೆನೋ. ಹೇಳಿದರೆ ಮುಂದೆ ಯಾರು? ನನಗೆ ಸೊಸೆ ಇಲ್ಲ. ಇರುವವಳು ಒಬ್ಬ ಮಗಳು, ನಾಗವೇಣಿ, ಅವಳನ್ನು ಬೇರೆ ಊರಿಗೆ ಕೊಟ್ಟಾಗಿದೆ. ಬೇಸಿಗೆಯ ಹೊತ್ತಿಗೆ ಅವಳು ಎಂಟು ತಿಂಗಳ ಬಸುರಿ, ಮೊದಲ ಹೆರಿಗೆಗೆಂದು ಬಂದು ನನ್ನ ಮನೆಯಲ್ಲೇ ಇದ್ದಳು. ಇನ್ನೊಂದು ವಾರ ಹೋಗಲಿ, ಹೆರಿಗೆ ಆಗಲಿ, ಮಳೆ ಬರಲಿ ಎಂದು ದಿನ ತಳ್ಳಿದೆ.

ಹೀಗೆ ಐದನೇ ತಿಂಗಳಲ್ಲಿ ಒಂದು ಸೋಮವಾರ ಎಂದಿನಂತೆ ಗಂಟೆ ಹೊಡೆದು ಮನೆಗೆ ಬಂದಿದ್ದೆ. ಹತ್ತು ಗಂಟೆಗೆ ಈರಮ್ಮ ಹೋಟೆಲು ಬಿಟ್ಟು ಓಡಿ ಬಂದಳು.

"ಓಬಕ್ಕ, ಸಸಿಗಳು ಯಾಕೆ ತಲೆ ಜೋಲು ಹಾಕ್ಯಾವೆ? ಬಸ್ಸಿನ ಕಿಟಕಿಯಿಂದ ನೋಡಿದೋರು ಹೇಳ್ತಾವ್ರೆ."

ಹೋಗಿ ನೋಡಿದೆ. ಕೆಳಗಿನ ಸಾಲಿನ ಬೇವು, ನೇರಳೆಯ ಸಸಿಗಳೆಲ್ಲ ಎಲೆ ಜೋಲು ಬಿಟ್ಟಿದ್ದವು. ಮಣ್ಣಿನ ಮೇಲ್ಮೈ ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಬಿರಿದಿತ್ತು. ಬಾಯಾರಿಕೆ ಆಗಿದೆ ಎಂದುಕೊಂಡೆ. ಬೇರೆ ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. "ಬಿಸಿಲು ಕಣೆ, ಬ್ಯಾಸಿಗೆಯಲ್ಲವಾ" ಎಂದು ಈರಮ್ಮನಿಗೆ ಹೇಳಿ, ಇಪ್ಪತ್ತು ಕೊಡ ನೀರು ಹೊತ್ತು ಹಾಕಿದೆ. ಸಂಜೆಗೆ ಎಲೆಗಳು ಏಳಲಿಲ್ಲ.

ಮಂಗಳವಾರ ಗಂಟೆಯ ಹಗ್ಗ ಹಿಡಿದು ಸಸಿಗಳ ಕಡೆ ನೋಡಿದೆ. ಆದರೂ ಎಳೆದೆ. ಆ ಹೊತ್ತಿಗೆ ಮೇಲಿನ ಸಾಲುಗಳೂ ಬಾಡಿದ್ದವು, ಕೆಳಗಿನವು ಹಳದಿಗೆ ತಿರುಗುತ್ತಿದ್ದವು. ಸೈಕಲ್ ಅಂಗಡಿಯ ದುರುಗಪ್ಪ ಬೇಲಿಯ ಆಚೆ ಸೈಕಲ್ ನಿಲ್ಲಿಸಿ ಕೇಳಿದ, "ಕುಡಿದ್ವಾ ಓಬಮ್ಮ?"

"ಕುಡಿದ್ವು."

"ಕುಡಿದ್ರೆ ಹಿಂಗ್ಯಾಕವೆ?"

"ಸಾಲ್ದು ಅಂತ ಕಾಣ್ತದೆ. ಇನ್ನಷ್ಟು ಹಾಕ್ತೀನಿ."

ಅವನು ಮತ್ತೆ ಕೇಳಲಿಲ್ಲ. ನಂಬಿಯೇ ಹೋದ. ಹೋದ ತಿಂಗಳು ತೀರಿಕೊಂಡ ಅವನ ತಾಯಿಗೂ ಅವನಿಗೂ ನನ್ನ ಗಂಟೆಯ ಮೇಲೆ ಅಂಥ ನಂಬಿಕೆ. ನಾನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಹೊತ್ತೆ. ಹಾಕಿದಷ್ಟೂ ಸಸಿಗಳು ಕುಗ್ಗಿದವು. ಬುಡಕ್ಕೆ ಬೆರಳು ಒತ್ತಿ ಒತ್ತಿ ಉಗುರಿನಲ್ಲಿ ಮಣ್ಣು ತುಂಬಿತು. ಆ ಮಣ್ಣು ಒದ್ದೆಯೋ ಒಣಗಿದ್ದೋ ಎಂಬುದೂ ಈ ಬೆರಳುಗಳಿಗೆ ತಿಳಿಯಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ನಾಗವೇಣಿ ತುತ್ತನ್ನು ಕೈಯಲ್ಲೇ ಹಿಡಿದಿದ್ದಳು.

"ಯಾಕೆ?"

"ಕೂಸು ಆಟ ಕಮ್ಮಿ ಮಾಡೈತೆ ಅವ್ವ. ನಿನ್ನೆಯಿಂದ."

ಲಿಲ್ಲಿ ಸಿಸ್ಟರ್ ಪಕ್ಕದೂರಿನಿಂದ ಸ್ಕೂಟರಿನಲ್ಲಿ ಬಂದು, ಹೊಟ್ಟೆಗೆ ಕೊಳವೆ ಇಟ್ಟು ಕೇಳಿ, ಎದೆಬಡಿತ ಸರಿ ಇದೆ ಎಂದರು. "ಬಿಸಿಲು ಜಾಸ್ತಿ ಇದೆ, ನೀರು ಚೆನ್ನಾಗಿ ಕುಡೀಬೇಕು. ಎಡಮಗ್ಗುಲಿಗೆ ಮಲಗಿ ಕೂಸು ಎಷ್ಟು ಸಲ ಆಡುತ್ತೆ ಅಂತ ಎಣಿಸು. ಎರಡು ಗಂಟೆಯೊಳಗೆ ಹತ್ತು ಸಲ ಆಗದಿದ್ರೆ ನನ್ನನ್ನ ಕರೀರಿ, ದೊಡ್ಡಾಸ್ಪತ್ರೆಗೆ ಹೋಗೋಣ" ಎಂದು ಹೋದರು. ಆ ದಿನ ಹೇಗೋ ಹತ್ತು ಆಯಿತು. ಆದರೆ ನನ್ನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಸಸಿಗಳು ಕುಡಿಯದ ದಿನ ಅವಳು ಕುಡಿದಳು. ನಾನು ಕುಡಿಸಿದೆ.

ಬುಧವಾರ ನಾನು ಗಂಟೆ ಹೊಡೆಯಲಿಲ್ಲ.

ಹೊಡೆಯಬಾರದು ಎಂದು ತೀರ್ಮಾನ ಮಾಡಿ ಬಂದದ್ದಲ್ಲ. ಕೋಡಿಕಲ್ಲಿಗೆ ಬಿಸಿಲು ಬಿತ್ತು, ಕೈ ಏಳಲಿಲ್ಲ, ಅಷ್ಟೆ. ಏಳೂವರೆಯಾಯಿತು. ಎಂಟಾಯಿತು. ಗಾದಿಲಿಂಗಣ್ಣ ತೂಬಿನ ಹಿಡಿ ಬಿಟ್ಟು ಏರಿಯ ಮೇಲೆ ಕೂತರು, ಮತ್ತೆ ಎದ್ದರು. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಇಳಿದು ಸಸಿತೋಟದ ಬೇಲಿಗೆ ಬಂದು ನಿಂತರು. ಯಾರೂ ಕೂಗಲಿಲ್ಲ, ಸದ್ದಾದರೆ ನನ್ನ ಬೆರಳಿಗೆ ಸೆಳೆತ ತಪ್ಪೀತು ಎಂದು ಅವರಿಗೆ ಭಯ. ಒಂಬತ್ತಾದಾಗ ಶಾಲೆಯ ಮಕ್ಕಳು ಒಣ ತುಟಿ ನೆಕ್ಕಿಕೊಳ್ಳುತ್ತಾ ದಾರಿಯಲ್ಲಿ ನಿಂತರು. ಈರಮ್ಮ ಒಲೆ ಆರಿಸಿ ಬಂದಿದ್ದಳು. ನಾನು ಬುಡದಿಂದ ಬುಡಕ್ಕೆ ಮಂಡಿಯೂರಿ ಹೋಗುತ್ತಿದ್ದೆ, ಏನೋ ತಿಳಿಯುತ್ತಿದೆ ಎನ್ನುವವಳ ಹಾಗೆ ಕಣ್ಣು ಮುಚ್ಚುತ್ತಿದ್ದೆ.

ಒಂಬತ್ತೂವರೆಗೆ ಬೇಲಿಯ ಹತ್ತಿರ ಜನ ಸರಿದು ದಾರಿ ಬಿಟ್ಟರು. ನಾಗವೇಣಿ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನವಾಗಿ ಬರುತ್ತಿದ್ದಳು. ಹಿಂದೆ ಲಿಲ್ಲಿ ಸಿಸ್ಟರ್.

"ಅವ್ವ, ಬೆಳಿಗ್ಗೆ ಎದ್ದಾಗಿಂದ ಒಂದು ಸಲಾನೂ ಆಡ್ಲಿಲ್ಲ" ಎಂದಳು. ಅವಳ ತುಟಿ ಬಿರಿದಿತ್ತು.

"ಇವಳಿಗೆ ಮೊದಲು ನೀರು ಕುಡಿಸಿ ಅಂತೀನಿ, ಗಂಟೆ ಆಗ್ಲಿ ಅಂತ ಹಟ ಮಾಡ್ತಾಳೆ" ಎಂದರು ಸಿಸ್ಟರ್. ಅವರು ಈ ಊರಿನವರಲ್ಲ. ಸಿಟ್ಟಿನಲ್ಲಿ ನನ್ನ ಕಡೆ ತಿರುಗಿದರು. "ಓಬಮ್ಮ, ನಿಮ್ಮ ಗಂಟೆ ಹೊಡೆದುಬಿಡಿ. ಎದೆಬಡಿತ ಇದೆ, ಆದರೆ ಕಾಯೋ ಹೊತ್ತಲ್ಲ ಇದು."

ಎಲ್ಲರೂ ನನ್ನನ್ನು ನೋಡಿದರು. ನಾನು ಎದ್ದು ಹಗ್ಗ ಹಿಡಿದೆ. ಎಳೆದರೆ ಮುಗಿಯಿತು: ಮಗಳು ಕುಡಿಯುತ್ತಾಳೆ, ಊರು ಕುಡಿಯುತ್ತದೆ, ಯಾರೂ ಏನೂ ಕೇಳುವುದಿಲ್ಲ. ಕಣ್ಣಿಗೆ ಹಗ್ಗ ಕಂಡಿತು, ಅದನ್ನು ಹಿಡಿದ ನನ್ನ ಕೈ ಕಂಡಿತು. ಹಿಡಿದಿದ್ದೇನೆ ಎಂದು ಮಾತ್ರ ಅನ್ನಿಸಲಿಲ್ಲ. ಬಿಟ್ಟುಬಿಟ್ಟೆ.

"ನನಗೆ ಗೊತ್ತಾಗ್ತಿಲ್ಲ" ಎಂದೆ.

"ಏನು ಗೊತ್ತಾಗ್ತಿಲ್ಲ?" ಎಂದ ದುರುಗಪ್ಪ.

"ಕುಡೀತಾವೋ ಇಲ್ವೋ ಗೊತ್ತಾಗ್ತಿಲ್ಲ. ನನ್ನ ಬೆರಳು ಸತ್ತು ಐದು ತಿಂಗಳಾಯ್ತು. ಐದು ತಿಂಗಳಿಂದ ಅಂದಾಜಿನ ಮ್ಯಾಲೆ ಹೊಡೀತಾ ಇದೀನಿ."

ಯಾರಾದರೂ ಬೈಯಬಹುದು ಎಂದುಕೊಂಡಿದ್ದೆ. ಒಬ್ಬ ಹೆಂಗಸು ತನ್ನ ಪಕ್ಕದಲ್ಲಿದ್ದ ಮಗುವಿನ ತಲೆಯನ್ನು ಎದೆಗೆ ಒತ್ತಿಕೊಂಡಳು. ಅವರೆಲ್ಲ ಐದು ತಿಂಗಳಲ್ಲಿ ಕುಡಿದ ನೀರನ್ನು ಒಂದೊಂದು ಗುಟುಕಾಗಿ ನೆನೆಯುತ್ತಿದ್ದಾರೆ ಎಂದು ನನಗೆ ಅನ್ನಿಸಿತು. ನಾನು ತೋಟದ ಮೂಲೆಯ ಚಪ್ಪರದ ಕೆಳಗಿಟ್ಟಿದ್ದ ಕೊಡದ ಬಟ್ಟೆ ಬಿಚ್ಚಿ, ಚೊಂಬು ತುಂಬಿ ನಾಗವೇಣಿಯ ಮುಂದೆ ಹಿಡಿದೆ.

"ಕುಡಿ."

"ಗಂಟೆ ಹೊಡಿ ಅವ್ವ, ಕುಡೀತೀನಿ."

"ಹೊಡೆಯಾಕಿಲ್ಲ. ಹಂಗೇ ಕುಡಿ."

ಅವಳು ಚೊಂಬನ್ನು ನೋಡಿದಳು, ಜನರನ್ನು ನೋಡಿದಳು. ಹುಟ್ಟಿದಾಗಿನಿಂದ ಅವಳು ಒಂದು ಬೆಳಿಗ್ಗೆಯೂ ಹಾಗೆ ಕುಡಿದವಳಲ್ಲ. ಗಂಡನ ಮನೆಯಲ್ಲೂ ನಮ್ಮ ಗಂಟೆಯ ಹೊತ್ತು ಅಂದಾಜು ಮಾಡಿ ಕಾಯುತ್ತಿದ್ದಳಂತೆ. ಕೈ ಮುಂದೆ ಬರಲಿಲ್ಲ. ಆಗ ಈರಮ್ಮ ಬೇಲಿಯ ಈ ಕಡೆಗೆ ಬಂದು, ಚೊಂಬು ನನ್ನ ಕೈಯಿಂದ ತೆಗೆದುಕೊಂಡು, ತಾನೇ ಎರಡು ಗುಟುಕು ಕುಡಿದಳು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, "ತಗೋ ನಾಗು. ಏನಾಯ್ತದೋ ಇಬ್ಬರಿಗೂ ಆಗ್ಲಿ" ಎಂದಳು.

ನಾಗವೇಣಿ ಕುಡಿದಳು. ಒಂದು ಚೊಂಬು, ಇನ್ನೊಂದು ಚೊಂಬು. ಸಿಸ್ಟರ್ ಅವಳನ್ನು ಚಪ್ಪರದ ನೆರಳಲ್ಲಿ ಚಾಪೆಯ ಮೇಲೆ ಎಡಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಿಕೊಂಡರು. "ಎರಡು ಗಂಟೆ. ಆಡಿದಾಗ ಜೋರಾಗಿ ಹೇಳು" ಎಂದರು.

ಅಷ್ಟರಲ್ಲಿ ಗಾದಿಲಿಂಗಣ್ಣ ಏರಿ ಇಳಿದು ನನ್ನ ಹತ್ತಿರ ಬಂದು ನಿಂತಿದ್ದರು. ನನಗಿಂತ ಹನ್ನೆರಡು ವರ್ಷ ದೊಡ್ಡವರು. ತಲೆಯ ಟವಲ್ ತೆಗೆದು ಕೈಯಲ್ಲಿ ಹಿಂಡುತ್ತಿದ್ದರು.

"ಓಬಮ್ಮ, ನಿಂದೊಂದೇ ಅಲ್ಲ ತಪ್ಪು" ಎಂದರು. "ತೂಬಿನ ಕೆಳಗೆ ಗಾರೆ ಬಿರುಕು ಬಿಟ್ಟು ಹತ್ತು ದಿನ ಆಯ್ತು. ಗೋಣಿಚೀಲ ತುರುಕಿ ಮಣ್ಣು ಮೆತ್ತಿದ್ದೆ. ನೀರು ಒಳಗೊಳಗೇ ಇಳಿದು ಈ ಕಡೆಗೇ ಬತ್ತಾ ಐತೆ. ಬ್ಯಾಸಿಗೆಯಲ್ಲವಾ, ಸಸಿಗೂ ತಂಪಾಗ್ಲಿ ಅಂದ್ಕಂಡೆ. ಹೇಳಿದ್ರೆ ಕೆಲಸದಿಂದ ತೆಗೀತಾರೇನೋ ಅಂತ..."

ನಾನು ಗುದ್ದಲಿ ತೆಗೆದುಕೊಂಡು ಕೆಳಗಿನ ಸಾಲಿನ ಪಕ್ಕ ಹೊಡೆದೆ. ನಾನು ಕೊಡದ ನೀರು ಹಾಕದ ಆ ಜಾಗದಲ್ಲಿ ಮೇಲಿನ ನಾಲ್ಕು ಬೆರಳು ಮಣ್ಣು ಒಣಗಿತ್ತು. ಅದರ ಕೆಳಗೆ ಕರಿಯ ಕೆಸರು. ಹಳೆಯ ಚರಂಡಿಯ ವಾಸನೆ ಎದ್ದಿತು. ಗುಂಡಿಯಲ್ಲಿ ನೋಡುನೋಡುತ್ತಿದ್ದಂತೆ ನೀರು ಊರಿ ನಿಂತಿತು. ಬಾಡಿದ ಬೇವಿನ ಸಸಿಯೊಂದನ್ನು ಮಣ್ಣಿನ ಸಮೇತ ಎತ್ತಿದೆ. ಬಿಳಿಯಾಗಿರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿತ್ತು, ಹಿಂಡಿದರೆ ಸಿಪ್ಪೆ ಜಾರುತ್ತಿತ್ತು. ನೀರಿನಲ್ಲಿ ಮುಳುಗಿ ಉಸಿರು ಕಟ್ಟಿ, ಬೇರು ಬಾಗಿಲು ಹಾಕಿಕೊಂಡಿತ್ತು. ಬೇರು ಮುಚ್ಚಿದ ಸುದ್ದಿ ಮೇಲೆ ಹೋಗಿ ಎಲೆ ಜೋತುಬಿದ್ದಿತ್ತು. ಎಲೆಯನ್ನು ನೋಡಿದವಳು ನಾನು. ಸುತ್ತ ನೀರು ತುಂಬಿಕೊಂಡು ಕುಡಿಯಲಾಗದೆ ಇದ್ದ ಸಸಿಗಳ ಮೇಲೆ ಎರಡು ದಿನ ಕೊಡಗಟ್ಟಲೆ ನೀರು ಹೊಯ್ದಿದ್ದೆ.

"ಕಾಲುವೆ ತೋಡಬೇಕು" ಎಂದೆ. "ಸಾಲು ಸಾಲಿನ ನಡುವೆ, ಹಳ್ಳದ ತನಕ. ನೀರು ಇಳಿದು ಬೇರಿಗೆ ಗಾಳಿ ಆಡ್ಲಿ. ಮೊದ್ಲು ತೂಬಿನ ಬಿರುಕು ಮುಚ್ಚಬೇಕು."

ಹೇಳಿದ್ದೇನೋ ಹೇಳಿದೆ. ನನ್ನ ಮಾತು ಕೇಳಲು ಅವರಿಗೆ ಏನು ಕಾರಣವಿತ್ತು? ಬಿಸಿಲು ಏರಿತ್ತು, ಬೆಳಗಿನಿಂದ ಗಂಟಲಿಗೆ ಹನಿ ಇಳಿದಿರಲಿಲ್ಲ. ಆದರೂ ಮೊದಲು ಅಂಚೆಯವರು ಪ್ಯಾಂಟು ಮಡಿಸಿ ಒಳಗೆ ಬಂದರು. ಆಮೇಲೆ ನಾಲ್ಕು ಜನ, ಆಮೇಲೆ ಇಪ್ಪತ್ತು. ಗಾರೆ ಕೆಲಸದವರಿಬ್ಬರು ಗಾದಿಲಿಂಗಣ್ಣನ ಜೊತೆ ಏರಿ ಹತ್ತಿದರು. ದುರುಗಪ್ಪ ನನ್ನ ಕೈಯಿಂದ ಗುದ್ದಲಿ ಕಿತ್ತುಕೊಂಡ. ನನ್ನ ಮುಖ ನೋಡದೆಯೇ.

"ಒಂದು!" ಎಂದಳು ನಾಗವೇಣಿ ಚಪ್ಪರದ ಕೆಳಗಿನಿಂದ.

ಗುದ್ದಲಿಗಳೆಲ್ಲ ಒಂದು ಗಳಿಗೆ ನಿಂತವು. ಮತ್ತೆ ಶುರುವಾದವು.

ಎರಡು, ಮೂರು ಹತ್ತಿರ ಹತ್ತಿರ ಬಂದವು. ನಾಲ್ಕಕ್ಕೆ ಬಹಳ ಹೊತ್ತು ಹಿಡಿಯಿತು. ಕಾಲುವೆ ಮೂರನೇ ಸಾಲಿಗೆ ಬಂದಾಗ ಐದು ಎಂದಳು, ತೋಡುತ್ತಿದ್ದವರೆಲ್ಲ ಅವಳ ಜೊತೆಗೆ "ಐದು" ಎಂದರು. ಕರಿಯ ನೀರು ಹಳ್ಳದ ಕಡೆ ಹರಿಯತೊಡಗಿತು. ಆರಾಯಿತು, ಏಳಾಯಿತು. ಏಳಾದ ಮೇಲೆ ನಿಂತುಹೋಯಿತು. ಹದಿನೈದು ನಿಮಿಷ, ಇಪ್ಪತ್ತು ನಿಮಿಷ. ಸಿಸ್ಟರ್ ಗಡಿಯಾರವನ್ನು ನೋಡಿ, ಸ್ಕೂಟರಿನ ಕಡೆ ನೋಡಿ, ಯಾರದಾದರೂ ಕಾರು ಸಿಗುತ್ತದಾ ಎಂದು ಅಂಚೆಯವರನ್ನು ಮೆಲ್ಲಗೆ ಕೇಳಿದರು. ನಾನು ಕೆಸರಿನಲ್ಲಿ ಮಂಡಿಯೂರಿ ಕೈಯಿಂದಲೇ ಮಣ್ಣು ಬಾಚುತ್ತಿದ್ದೆ. ಚಪ್ಪರದ ಕಡೆ ತಿರುಗಿ ನೋಡಲು ಧೈರ್ಯ ಇರಲಿಲ್ಲ. ನನ್ನ ಸುತ್ತ ಗುದ್ದಲಿಗಳ ಸದ್ದು, ಒಣಗಿದ ಗಂಟಲುಗಳ ಏದುಸಿರು ಕೇಳುತ್ತಿತ್ತು. ಉಗುರು ಕಿತ್ತು ರಕ್ತ ಬರುತ್ತಿದ್ದದ್ದು ಆಮೇಲೆ ಈರಮ್ಮ ತೋರಿಸಿದಾಗ ತಿಳಿದದ್ದು.

"ಎಂಟು" ಎಂದಳು ನಾಗವೇಣಿ, ಅಳುತ್ತಾ. "ಒಂಬತ್ತು. ಅಯ್ಯೋ ಒದೀತೈತೆ ಸಿಸ್ಟರ್, ಹತ್ತೂ ಆಯ್ತು, ಹನ್ನೊಂದು..."

ಸಿಸ್ಟರ್ ನಕ್ಕುಬಿಟ್ಟರು. ಯಾರೋ ಸಿಳ್ಳೆ ಹಾಕಿದರು. ಆದರೂ ಸಂಜೆ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ ಬಂದರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಮೈಯಲ್ಲಿ ನೀರಿನ ಅಂಶ ಕಮ್ಮಿಯಾಗಿತ್ತು ಎಂದರಂತೆ.

ಆ ದಿನವನ್ನು ಊರು ಹೇಗೆ ಕಳೆಯಿತು ಎಂದರೆ, ಒಬ್ಬೊಬ್ಬರದು ಒಂದೊಂದು ದಾರಿಯಾಯಿತು. ಮುಚ್ಚಿದ ಬೇರು ನಾವು ಹೇಳಿದ ಕೂಡಲೇ ತೆರೆಯುವುದಿಲ್ಲ, ಎರಡು ಮೂರು ದಿನ ಬೇಕು, ಕೆಲವು ತೆರೆಯುವುದೇ ಇಲ್ಲ ಎಂದು ನಾನು ಹೇಳಿದೆ. ಮಧ್ಯಾಹ್ನ ಗಾದಿಲಿಂಗಣ್ಣ ಗಂಟೆಯಿಲ್ಲದೆ ನಲ್ಲಿ ಬಿಟ್ಟರು. "ಬೇಕಾದೋರು ಕುಡೀರಿ, ಬ್ಯಾಡದೋರು ಬಿಡಿ, ನಾನ್ಯಾರಿಗೂ ಹೇಳಾಕಿಲ್ಲ" ಎಂದರು. ಮಕ್ಕಳಿಗೆ ಎಲ್ಲರೂ ಕುಡಿಸಿದರು. ದೊಡ್ಡವರಲ್ಲಿ ಕೆಲವರು ಗೋಡೆಯ ಕಡೆ ತಿರುಗಿ ಕುಡಿದರು. ಕೆಲವರು ನೀರು ಮುಟ್ಟದೆ ಕಲ್ಲಂಗಡಿ, ಸೌತೆಕಾಯಿ, ಎಳನೀರು ಎಂದು ದಿನ ದೂಡಿದರು. ಅವು ನೀರೋ ಅಲ್ಲವೋ ಎಂದು ಕಟ್ಟೆಯ ಮೇಲೆ ಜಗಳವೂ ಆಯಿತು.

ಸಂಜೆ ನಾನು ಕೆಸರು ತೊಳೆದುಕೊಳ್ಳುತ್ತಿದ್ದಾಗ ದುರುಗಪ್ಪ ಬಾಗಿಲಿಗೆ ಬಂದ. ಒಳಗೆ ಬಾ ಎಂದರೆ ಬರಲಿಲ್ಲ.

"ಓಬಮ್ಮ, ಒಂದು ಕೇಳ್ತೀನಿ. ನಮ್ಮವ್ವ ಹೋದ ದಿನ, ಬೆಳಿಗ್ಗೆ ನಿನ್ನ ಗಂಟೆ ಆದ ಮ್ಯಾಲೇ ನಾನು ಬಾಯಿಗೆ ನೀರು ಬಿಟ್ಟಿದ್ದು. ಅದಕ್ಕೂ ಮುಂಚೆ ಒಂದು ಗಂಟೆಯಿಂದ ನೀರು ನೀರು ಅಂತಿತ್ತು. ಬಿಡಲಿಲ್ಲ ನಾನು. ಕಾಯಿಸಿದೆ." ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದ. "ಅವತ್ತು ಗಂಟೆ ಸರಿ ಇತ್ತಾ?"

ಸರಿ ಇತ್ತು ಎಂದು ಹೇಳಬಹುದಿತ್ತು. ಆ ಒಂದು ಮಾತು ಅವನಿಗೆ ನಿದ್ದೆ ಕೊಡುತ್ತಿತ್ತು, ನನಗೂ. ಬಾಯಿಯವರೆಗೂ ಬಂತು.

"ಗೊತ್ತಿಲ್ಲ ದುರುಗಪ್ಪ" ಎಂದೆ. "ತಡವಾಗಿತ್ತೋ, ಬೇಗ ಆಗಿತ್ತೋ, ನನಗೆ ಗೊತ್ತಿಲ್ಲ."

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ಐದು ತಿಂಗಳಲ್ಲಿ ನಾನು ಪಟ್ಟ ಭಯವೆಲ್ಲ ಸೇರಿದರೂ ಅವನು ಬೀದಿಯ ಕೊನೆ ಮುಟ್ಟುವ ತನಕ ನಾನು ನಿಂತು ನೋಡಿದ ಆ ಹೊತ್ತಿಗೆ ಸಮ ಅಲ್ಲ.

ಗುರುವಾರ, ಶುಕ್ರವಾರ ಊರಿನ ಹೆಂಗಸರು, ಗಂಡಸರು ಎಲ್ಲ ಯಾರ ಬೆರಳಿಗಾದರೂ ಸೆಳೆತ ಹತ್ತೀತೇ ಎಂದು ಸಾಲಾಗಿ ಬಂದು ಸಸಿಗಳ ಬುಡ ಮುಟ್ಟಿ ನೋಡಿದರು. ಕೆಲವರಿಗೆ ಏನೂ ತಿಳಿಯಲಿಲ್ಲ. ಕೆಲವರಿಗೆ ಮುಟ್ಟುವ ಮೊದಲೇ ಎಲ್ಲ ತಿಳಿಯಿತು; ಅಂಥವರನ್ನು ನಾನು ನಯವಾಗಿ ಕಳಿಸಿದೆ. ಈರಮ್ಮ ಮಾತ್ರ ಪ್ರತಿ ಸಲವೂ ಪ್ರಾಮಾಣಿಕವಾಗಿ "ಇಲ್ಲ ಓಬಕ್ಕ, ಸುಮ್ನೆ ಕಡ್ಡಿ ಮುಟ್ಟಿದಂಗೈತೆ" ಎನ್ನುತ್ತಿದ್ದಳು. ಒಲೆಯ ಮುಂದೆ ಸುಟ್ಟುಕೊಂಡು ದೊರಗಾದ ಅವಳ ಬೆರಳುಗಳ ಮೇಲೆ ಯಾರಿಗೂ ಭರವಸೆ ಇರಲಿಲ್ಲ, ಅವಳಿಗೂ. ಅವಳ ಆ "ಇಲ್ಲ" ನನಗೆ ಹಿಡಿಸಿತು. ಹೋಟೆಲನ್ನು ತಂಗಿಗೆ ಒಪ್ಪಿಸಿ ಬಾ ಎಂದೆ. ಆ ಎರಡು ದಿನವೂ ನನ್ನ ಪಕ್ಕದಲ್ಲೇ ಕೂತಳು. ಕೆಳಗಿನ ಸಾಲುಗಳಲ್ಲಿ ಎಂಬತ್ತು ಸಸಿ ಸತ್ತಿದ್ದವು, ಕಿತ್ತು ಹಾಕಿದೆವು. ಮೇಲಿನವು ಬದುಕಿದ್ದವೋ ಏನೋ, ಎಲೆ ಇಳಿಬಿಟ್ಟುಕೊಂಡೇ ನಿಂತಿದ್ದವು.

ಶನಿವಾರ ಬೆಳಿಗ್ಗೆ ಬೇಲಿಯ ಹೊರಗೆ ಅರ್ಧ ಊರು ಇತ್ತು. ಉಳಿದರ್ಧ ಇನ್ನು ಕಾಯುವುದಿಲ್ಲ ಎಂದು ಮನೆಯಲ್ಲೇ ಇತ್ತು. ಅವರನ್ನು ಯಾರೂ ಆಡಿಕೊಳ್ಳಲಿಲ್ಲ. ಬಿಸಿಲು ಬಿದ್ದು ಸ್ವಲ್ಪ ಹೊತ್ತಾಗಿತ್ತು. ಈರಮ್ಮ ಒಂದು ಹಿಪ್ಪೆಯ ಸಸಿಯ ಬುಡಕ್ಕೆ ಬೆರಳಿಟ್ಟು ಕೂತವಳು ಥಟ್ಟನೆ ಕೈ ತೆಗೆದಳು. ಮತ್ತೆ ಇಟ್ಟಳು.

"ಏನು?"

"ಹೆಂಗೆ ಹೇಳ್ಲಿ... ಹಸುಗೂಸು ಮೊದಲ ಸಲ ಮೊಲೆ ಹಿಡೀತದಲ್ಲ, ಹಂಗೆ. ಹಿಡ್ಕಂತು, ಬಿಡ್ತು, ಮತ್ತೆ ಹಿಡ್ಕಂತು."

ಇಪ್ಪತ್ತಾರು ವರ್ಷದಲ್ಲಿ ನನಗೆ ಅದು ಹಾಗೆ ಎಂದೂ ಅನ್ನಿಸಿರಲಿಲ್ಲ. ನನ್ನ ಅತ್ತೆಗೆ ಹೇಗೆ ಅನ್ನಿಸುತ್ತಿತ್ತೋ, ನಾನು ಕೇಳಿರಲೇ ಇಲ್ಲ. ಪಕ್ಕದ ಸಸಿ ನೋಡು ಎಂದೆ. ಅಲ್ಲಿಯೂ ಇದೆ ಎಂದಳು. ಮೂರನೆಯದರಲ್ಲಿ ಇಲ್ಲ ಎಂದಳು, ನಾಲ್ಕು ಐದರಲ್ಲಿ ಇದೆ ಎಂದಳು. ನಾನು ಅವಳ ಕಣ್ಣನ್ನೇ ನೋಡುತ್ತಿದ್ದೆ. ನನ್ನ ಬೆರಳು ಹೇಳದ್ದನ್ನು ಇನ್ನೊಬ್ಬಳ ಮಾತಿನ ಮೇಲೆ ನಂಬಬೇಕಿತ್ತು. ಅದು ಇಷ್ಟು ಕಷ್ಟ ಎಂದು, ನನ್ನನ್ನು ಇಷ್ಟು ವರ್ಷ ನಂಬಿದವರ ಕಷ್ಟವೂ ಇದೇ ಎಂದು, ನನಗೆ ಆಗ ಅರ್ಥವಾಯಿತು.

"ಹಗ್ಗ ಎಳಿ" ಎಂದೆ.

"ತಪ್ಪಾದ್ರೆ ಓಬಕ್ಕ?"

"ತಪ್ಪಾದ್ರೆ ಅವತ್ತೇ ಹೇಳು. ನನ್ನಂಗೆ ಇಟ್ಕೋಬ್ಯಾಡ."

ಈರಮ್ಮ ಎಳೆದಳು. ಅಭ್ಯಾಸವಿಲ್ಲದ ಕೈ, ಮೊದಲ ಏಟು ಸೊಟ್ಟಗೆ ಬಿತ್ತು, ಎರಡನೆಯದು ಸರಿಯಾಗಿ ಕೇಳಿಸಿತು. ಏರಿಯ ಮೇಲೆ ಗಾದಿಲಿಂಗಣ್ಣ ತೂಬು ಎತ್ತಿದರು. ಬೇಲಿಯ ಹೊರಗಿನ ಬೀದಿಯ ನಲ್ಲಿ ಕೆಮ್ಮಿ ಗಾಳಿ ಉಗುಳಿ ನೀರು ಬಿಟ್ಟಿತು. ಯಾರೂ ಮುಂದೆ ಹೋಗಲಿಲ್ಲ. ನೀರು ಸುಮ್ಮನೆ ಕಲ್ಲಿನ ಮೇಲೆ ಬಿದ್ದು ಹರಿಯುತ್ತಿತ್ತು. ದುರುಗಪ್ಪ ಜನರ ಹಿಂದೆ ನಿಂತಿದ್ದ. ಅವನು ನಿಧಾನವಾಗಿ ಮುಂದೆ ಬಂದು, ನಲ್ಲಿಯ ಕೆಳಗೆ ಬೊಗಸೆ ಹಿಡಿದು, ತಲೆಯೆತ್ತಿ ನನ್ನ ಕಡೆ ನೋಡಿದ. ನನಗೆ ಗೊತ್ತಿಲ್ಲ ಎಂಬಂತೆ ನಾನು ತಲೆಯಾಡಿಸಿ, ಕೈಯಿಂದ ಈರಮ್ಮನನ್ನು ತೋರಿಸಿದೆ. ಅವನು ಅವಳನ್ನು ನೋಡಿದ. ಬೊಗಸೆ ತುಂಬಿ ಬೆರಳ ಸಂದಿಯಿಂದ ಸೋರುತ್ತಿತ್ತು. ಆಮೇಲೆ ಬಗ್ಗಿ ಕುಡಿದ.